ಕುಂಭದ ಗೆರೆ

ನಾನು ಒಂದು ಅಳತೆಕೋಲು. ಮೈತುಂಬ ಗೆರೆಗಳಿದ್ದರೂ ಒಂದು ಅಂಕಿಯಿಲ್ಲ. ಪಾಲಕ್ಕಾಡಿನ ಕಡೆ ಒಂದು ಹೊಳೆದಂಡೆಯ ಊರಿನಲ್ಲಿ, ಯಾರದೋ ಮನೆಯ ಬಾಗಿಲಿಗೆ ಕೊಯ್ದು ಮಿಕ್ಕ ಬೀಟೆಯ ತುಂಡಿನಿಂದ ಒಬ್ಬ ಮುದುಕ ಬಡಗಿ ನನ್ನನ್ನು ಮಾಡಿದ. ಗೆರೆಗಳನ್ನು ಎಳೆದು, ಎಣ್ಣೆ ಹಚ್ಚಿ, ತನ್ನ ಸೋದರಳಿಯ ವೇಲಾಯುಧನ ಕೈಗಿತ್ತ. "ಇದನ್ನ ನೆಲದ ಮೇಲೆ ಬಿಸಾಕಬೇಡ, ಯಾರಿಗೂ ದಾಟೋಕೆ ಬಿಡಬೇಡ" ಎಂದ. ಅಷ್ಟು ಗೌರವಕ್ಕೆ ನಾನು ತಕ್ಕವನೇ ಎಂಬ ಅಳುಕು ನನಗೆ ಅಂದಿನಿಂದಲೂ ಇದೆ.

ವೇಲಾಯುಧನ್ ನನ್ನನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಕೆಲಸ ಹುಡುಕುತ್ತ ದಾವಣಗೆರೆಗೆ ಬಂದ. ಹತ್ತಿ ಮಿಲ್ಲುಗಳ ಊರು. ಕನ್ನಡ ಬಾರದು. ಸಾಮಿಲ್ಲಿನಲ್ಲಿ ಮರ ಹೊರುವವರು ನನ್ನನ್ನು ನೋಡಿ, "ಏನ್ ಆಚಾರ್ರೇ, ಕೋಲು ಹಿಡ್ಕಂಡು ದನ ಕಾಯಾಕ ಬಂದಿರೇನು?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ, ಅರ್ಥವಾಗದೆ. ಅರ್ಥವಾದ ಮೇಲೂ ನಗುತ್ತಿದ್ದ.

ಆದರೆ ಅವನ ಕೈ ಮಾತಾಡುತ್ತಿತ್ತು. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಕಚ್ಚುತ್ತಿರಲಿಲ್ಲ. ಮೊದಲು ಕಿಟಕಿ, ಆಮೇಲೆ ಅಟ್ಟ, ಆಮೇಲೆ ಇಡೀ ಮನೆಗಳೇ ಬಂದವು. ಊರಿನಲ್ಲಿ ಅವನು ವೇಲು ಮೇಸ್ತ್ರಿಯಾದ. ಮಗಳು ವಿಲಾಸಿನಿ ಕಾಲೇಜಿಗೆ ಸೇರಿದಳು. ಆಯುಧಪೂಜೆಯ ದಿನ ನನಗೂ ಕುಂಕುಮ ಹಚ್ಚುತ್ತಿದ್ದಳು, ಹಚ್ಚುವಾಗ ನನ್ನ ಗೆರೆಗಳನ್ನು ಬೆರಳಿನಿಂದ ಓದುತ್ತಿದ್ದಳು.

ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರು ತಮ್ಮ ಹೊಸ ಮನೆಯನ್ನು ಪೂರ್ತಿ ಅವನಿಗೇ ಬಿಟ್ಟರು. "ತಲಬಾಗಿಲು ನೋಡಿ ಊರು ನಿಲ್ಲಬೇಕು, ಮೇಸ್ತ್ರಿ" ಎಂದರು, ಅಷ್ಟೇ. ಅದುವರೆಗೆ ಮನೆಯವರು ಹೇಳಿದ ಅಳತೆಗೆ ಮಾಡುತ್ತಿದ್ದ ವೇಲಾಯುಧನ್ ಈ ಸಲ ತನ್ನ ಊರಿನ ಲೆಕ್ಕದಲ್ಲಿ ಬಾಗಿಲು ಮಾಡಿದ. ಅಗಲವಾದದ್ದು, ಗಟ್ಟಿಯಾದದ್ದು, ಎತ್ತರ ಮಾತ್ರ ಸ್ವಲ್ಪ ಕಡಿಮೆ. ಒಳಗೆ ಬರುವವರು ತಲೆ ತಗ್ಗಿಸಿ ಬರಬೇಕು, ಅದೇ ಮರ್ಯಾದೆ ಎಂದು ಅವನು ಕಲಿತದ್ದು. ನಾನೇ ಅಳೆದದ್ದು. ಒಂದು ಗೆರೆಯೂ ಹೆಚ್ಚುಕಡಿಮೆ ಇರಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ವಿಲಾಸಿನಿಯೂ ಬಂದಿದ್ದಳು. ಕೊಟ್ರಬಸಪ್ಪನವರ ತಾಯಿ ಗುರುಸಿದ್ದಮ್ಮ ಬಾಗಿಲ ಒಳಗೆ ಆರತಿ ಹಿಡಿದು ನಿಂತಿದ್ದರು. ಮೇಸ್ತ್ರಿಗೆ ಆಗಲೇ ಶಾಲು ಹೊದಿಸಿ ಆಗಿತ್ತು. ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಎಲೆ ಅಡಿಕೆ. ಹೊರಗಿನಿಂದ ಹೆಣ್ಣುಮಕ್ಕಳು ಗಂಗೆ ತರುತ್ತಿದ್ದರು. ಮುಂದೆ ಹೊಸ ಸೊಸೆ ಗಿರಿಜಾ. ತಲೆಯ ಮೇಲೆ ತುಂಬಿದ ಕುಂಭ, ಅದರ ಮೇಲೆ ಎಲೆ, ಎಲೆಯ ನಡುವೆ ತೆಂಗಿನಕಾಯಿ.

ನಾನೂ ವೇಲಾಯುಧನೂ ಅದನ್ನು ಅದೇ ಮೊದಲು ನೋಡಿದ್ದು; ಅದುವರೆಗೆ ಕೆಲಸ ಮುಗಿದ ಮೇಲೆ ಯಾವ ಗೃಹಪ್ರವೇಶಕ್ಕೂ ನಿಂತವರಲ್ಲ. ನಮ್ಮ ಊರಿನಲ್ಲಿ ದೀಪವನ್ನು ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಾರೆ.

ಕುಂಭ ಹೊತ್ತವಳು ಬಗ್ಗುವಂತಿಲ್ಲ. ಗಿರಿಜಾ ಹೊಸ್ತಿಲಲ್ಲಿ ಒಂದು ಕ್ಷಣ ತಡೆದಳು. ಹಿಂದಿನವರು "ನಡಿಯವ್ವ" ಎಂದರು. ಅವಳು ಬಲಗಾಲಿಟ್ಟಳು. ಕಾಯಿ ಬಾಗಿಲಿನ ಮೇಲುಪಟ್ಟಿಗೆ ಬಡಿಯಿತು. ಕುಂಭ ಹೊಸ್ತಿಲ ಮೇಲೆ ಬಿದ್ದು ನೀರು ಹೊರಕ್ಕೆ ಹರಿಯಿತು.

ಯಾರೂ ಬಾಗಿಲನ್ನು ನೋಡಲಿಲ್ಲ. ಎಲ್ಲರೂ ಹುಡುಗಿಯನ್ನು ನೋಡಿದರು.

"ಕಾಲ್ಗುಣ ಅಂತಾರಲ್ಲ, ಇದೇ ನೋಡು" ಎಂದಳು ಒಬ್ಬಾಕೆ, ತೀರ ಮೆಲ್ಲಗೇನಲ್ಲ.

ವೇಲಾಯುಧನಿಗೆ ತಕ್ಷಣ ತಿಳಿಯಿತು. ನನ್ನನ್ನು ಹಿಡಿದ ಬೆರಳುಗಳು ಬಿಗಿದವು. ಆ ಹುಡುಗಿ ಸುತ್ತಲೂ ನೋಡುತ್ತಿದ್ದಳು, ಯಾರಾದರೂ ಏನಾದರೂ ಹೇಳಿಯಾರೆಂದು. ಅವನು ಶಾಲನ್ನು ಸರಿಮಾಡಿಕೊಂಡ. ನನ್ನನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಮರಕ್ಕೆ ಬೆವರು ಬರುವುದಿಲ್ಲ. ಅಂದು ನನ್ನ ಮೈ ಒದ್ದೆಯಾಗಿದ್ದು ಅವನ ಅಂಗೈಯಿಂದ.

ದಾರಿಯಲ್ಲಿ ವಿಲಾಸಿನಿ ಅಪ್ಪನನ್ನು ಮಲಯಾಳದಲ್ಲಿ ಕರೆದು ಕೇಳಿದಳು: "ಅಚ್ಛಾ, ಬಾಗಿಲು ಗಿಡ್ಡ ಅಲ್ವಾ?"

"ಸುಮ್ಮನೆ ನಡಿ."

ಅವಳು ಸುಮ್ಮನೆ ನಡೆದಳು.

ಅಮಾವಾಸ್ಯೆ ಕಳೆದ ಮೇಲೆ ಸಾಮಿಲ್ಲಿನಲ್ಲಿ ಸುದ್ದಿ ಬಂತು: ಸೊಸೆಯನ್ನು ತವರಿಗೆ ಕಳಿಸಿದ್ದಾರೆ, ವಾಪಸು ಕರೆಸುವುದು ಅನುಮಾನ. ವೇಲಾಯುಧನ್ ಕೈಯಲ್ಲಿದ್ದ ಹಲಗೆ ಇಳಿಸಿ, ಮನೆಗೆ ಹೋಗಿ ಶಾಲನ್ನು ಮಡಿಸಿಕೊಂಡು, ನನ್ನನ್ನೂ ತೆಗೆದುಕೊಂಡು ನಡೆದ. ಗುರುಸಿದ್ದಮ್ಮ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು.

"ಅಮ್ಮಾ, ತಪ್ಪು ಬಾಗಿಲಿಂದು. ನಾನು ಗಿಡ್ಡ ಮಾಡಿದೆ. ಇಲ್ಲಿ ತಲೆ ಮೇಲೆ ಹೊರ್ತಾರೆ ಅಂತ ನನಗೆ ಗೊತ್ತಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ಆ ಮಗು ತಪ್ಪು ಏನೂ ಇಲ್ಲ."

ಮುದುಕಿ ಬತ್ತಿಯನ್ನು ಕೆಳಗಿಡಲಿಲ್ಲ. "ಅವತ್ತು ನಾಲಿಗಿ ಎಲ್ಲಿತ್ತಪ್ಪಾ? ಶಾಲಿನಾಗ ಸುತ್ತಿ ಇಟ್ಟಿದ್ದೇನು?"

ಅವನು ಶಾಲನ್ನು ಅವರ ಮುಂದಿಟ್ಟು ನಿಂತ. ತಗ್ಗು ಬಾಗಿಲೇ ಬೇಕಿರಲಿಲ್ಲ, ತಲೆ ತಾನಾಗಿ ಬಗ್ಗಿತ್ತು.

ಹೊಸ್ತಿಲನ್ನು ಅಲುಗಿಸುವಂತಿರಲಿಲ್ಲ, ಪೂಜೆಯಾಗಿತ್ತು. ಮೇಲಿನ ಗೋಡೆ ಒಡೆಸಿ ಚೌಕಟ್ಟನ್ನು ಎತ್ತರಿಸಿದ. ಗಿರಿಜಾಳನ್ನು ಕರೆಸಿದರು. ಮತ್ತೆ ಗಂಗೆ ತಂದರು. ಆದರೆ ಕುಂಭ ಹೊತ್ತದ್ದು ನಾದಿನಿ. ಗಿರಿಜಾ ಹಿಂದೆ, ತಾಂಬೂಲದ ತಟ್ಟೆ ಹಿಡಿದು ಬಂದಳು. ಕಾಯಿಗೂ ಪಟ್ಟಿಗೂ ನಡುವೆ ಧಾರಾಳ ಜಾಗ ಉಳಿಯಿತು. ಅದನ್ನು ನೋಡಿ ನಮಗೆ ಸಮಾಧಾನವಾಗಲಿಲ್ಲ.

ಅಂದು ಮನೆಗೆ ಬಂದು ವೇಲಾಯುಧನ್ ಒಂದು ಕೊಡದ ಮೇಲೆ ಕಾಯಿಯಿಟ್ಟು, ನನ್ನನ್ನು ಪಕ್ಕಕ್ಕೆ ಹಿಡಿದು, ಕಾಯಿಯ ತುದಿಗೆ ಸರಿಯಾಗಿ ಉಳಿಯಿಂದ ಒಂದು ಗೆರೆ ಕೊರೆದ. ಉಳಿ ಜಾರಿ ಅದು ಸೊಟ್ಟಗಾಯಿತು. ನನ್ನ ಮೈಮೇಲೆ ಅದೊಂದೇ ಸೊಟ್ಟ ಗೆರೆ. ಆಮೇಲೆ ಯಾವ ಮನೆಗೆ ಹೋದರೂ ಮೊದಲು, "ಇಲ್ಲಿ ಕುಂಭ ಹೊರೋರು ಯಾರು? ಸ್ವಲ್ಪ ನಿಲ್ತೀರಾ?" ಎಂದು ಕೇಳುತ್ತಿದ್ದ. ಅವರ ಎತ್ತರಕ್ಕೆ ಆ ಗೆರೆಯಷ್ಟನ್ನು ಸೇರಿಸುತ್ತಿದ್ದ. ಕೆಲವರು, "ಮೇಸ್ತ್ರಿಗೆ ಮರುಳು" ಎನ್ನುತ್ತಿದ್ದರು.

ಅವನ ಕಣ್ಣು ಮಸುಕಾದ ಕಾಲಕ್ಕೆ ಗಿರಿಜಮ್ಮನ ಮಗ ಮನೆ ಕಟ್ಟಿಸಿದ. ಬಾಗಿಲಿಗೆ ವೇಲು ಮೇಸ್ತ್ರಿಯೇ ಬರಬೇಕೆಂದು ಗಿರಿಜಮ್ಮನೇ ಹೇಳಿಕಳಿಸಿದಳು. ವಿಲಾಸಿನಿ ಕೈಹಿಡಿದು ಕರೆದುಕೊಂಡು ಹೋದಳು. ಅವನು ಎಂದಿನ ಪ್ರಶ್ನೆ ಕೇಳಲಾರದೆ ನಿಂತ.

"ನನ್ನ ಅಳತಿ ಬ್ಯಾಡ್ರಿ ಮೇಸ್ತ್ರಿ" ಎಂದಳು ಗಿರಿಜಮ್ಮ. "ನನಗ ಯಾರೂ ಮತ್ತ ಕುಂಭ ಕೊಡಲಿಲ್ಲ. ಈಗ ಹೊರೋದು ಸೊಸಿ. ಅಕೀದು ತಗೊಳ್ರಿ. ಒಂದು ಗೇಣು ಜಾಸ್ತೀನೇ ಇರಲಿ."

ಅವನು ಕಟ್ಟಿದ ಕೊನೆಯ ಬಾಗಿಲು ಅದು.

ಈಗ ನಾನು ವಿಲಾಸಿನಿಯ ಮನೆಯಲ್ಲಿ, ಪುಸ್ತಕದ ಕಪಾಟಿನ ಪಕ್ಕ, ಎರಡು ಮೊಳೆಗಳ ಮೇಲೆ ಮಲಗಿದ್ದೇನೆ. ಬಂದವರು ಎತ್ತಿ ನೋಡುತ್ತಾರೆ. ಬೆರಳು ಎಲ್ಲ ಗೆರೆಗಳನ್ನು ದಾಟಿ ಆ ಸೊಟ್ಟ ಗೆರೆಗೆ ಬಂದು ನಿಲ್ಲುತ್ತದೆ. ಮೊನ್ನೆ ಅವಳ ಜೊತೆ ಪಾಠ ಹೇಳುವ ಮೇಷ್ಟರೊಬ್ಬರು, "ಇದೇನು ಮೇಡಂ, ಇದೊಂದು ಸೊಟ್ಟ?" ಎಂದರು.

"ಏನೋ ಗೀರು ಬಿದ್ದಿದೆ" ಎಂದು ಅವಳು ನನ್ನನ್ನು ಮೊಳೆಗಳ ಮೇಲಿಟ್ಟಳು. ವೇಲಾಯುಧನ್ ನನ್ನನ್ನು ಬೆನ್ನ ಹಿಂದೆ ಸರಿಸಿದ ಆ ಬೆಳಗು ನನಗೆ ನೆನಪಾಯಿತು. ಅವಳ ಅಂಗೈಯೂ ಒದ್ದೆಯಾಗಿತ್ತು.

ಕಾಫಿ ತರಲು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು. ತಿರುಗಿ ಬಂದು ನನ್ನನ್ನು ಮತ್ತೆ ಕೈಗೆತ್ತಿಕೊಂಡಳು.

"ಗೀರಲ್ಲ" ಎಂದಳು. "ಒಂದು ಹುಡುಗಿಯ ತಲೆ ಮೇಲಿಂದ ಕುಂಭ ಬಿತ್ತು. ಯಾಕೆ ಬಿತ್ತು ಅಂತ ಅಪ್ಪನಿಗೆ ಗೊತ್ತಿತ್ತು. ನಾನೂ ಪಕ್ಕದಲ್ಲೇ ಇದ್ದೆ, ನನಗೂ ಗೊತ್ತಿತ್ತು. ಕೂತ್ಕೊಳ್ಳಿ, ಹೇಳ್ತೀನಿ."