ವ್ಯಾನ್ ಹತ್ತದ ಮಕ್ಕಳು

ಚೂಟಿ ಎಂದು ಅವಳಿಗೆ ಹೆಸರಿಟ್ಟವಳು ದೊಡ್ಡಕ್ಕ. ಇಬ್ಬರಿಗೂ ನಂಟೇನೂ ಇರಲಿಲ್ಲ. ಆಫೀಸಿನಲ್ಲಿ ಎಲ್ಲರಿಗಿಂತ ಹಳಬಳಾದ ಆಕೆಯನ್ನು ಮ್ಯಾನೇಜರ್ ಕೂಡ ದೊಡ್ಡಕ್ಕ ಎಂದೇ ಕರೆಯುತ್ತಿದ್ದ. ಶಾಲಾ ವ್ಯಾನುಗಳ ಓಡಾಟ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರದು. ಒಂದೇ ದೊಡ್ಡ ಗಂಟಾಗಿದ್ದ ಅದನ್ನು ಈಗ ಬಿಡಿಸಿ, ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಬಿಡಿ ಪ್ರೋಗ್ರಾಂ, ಅವರ ಮಾತಿನಲ್ಲಿ ಮೈಕ್ರೋಸರ್ವಿಸ್, ಮಾಡುತ್ತಿದ್ದರು. ಪ್ರತಿ ಸಲವೂ ಸೊನ್ನೆಯಿಂದ ಶುರುಮಾಡುವ ಗೋಳು ಬೇಡವೆಂದು ದೊಡ್ಡಕ್ಕ ಅಚ್ಚಿನಂಥ ಒಂದು ಟೆಂಪ್ಲೇಟ್ ಮಾಡಿಟ್ಟಿದ್ದಳು. ಅದರ ಪ್ರತಿ ತೆಗೆದುಕೊಂಡು, ಅದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಮುಕ್ಕಾಲು ಕೆಲಸ ಮುಗಿದಂತೆ.

ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಕೆಲಸಕ್ಕೆ ಬಂದಿದ್ದ ಚೂಟಿಗೆ ಇದು ಮೊದಲ ಸ್ವಂತ ಸರ್ವಿಸ್. ಮಗು ವ್ಯಾನ್ ಹತ್ತದಿದ್ದರೆ ಅಪ್ಪ ಅಮ್ಮನಿಗೆ ಮೆಸೇಜ್ ಕಳಿಸುವುದು ಅದರ ಕೆಲಸ. ದೊಡ್ಡಕ್ಕ ಅಂದು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದಳು. "ಟೆಂಪ್ಲೇಟ್ ಇದೆಯಲ್ಲ, ಕಣ್ಣು ಮುಚ್ಕೊಂಡು ಮಾಡಬಹುದು" ಎಂದು ಹಿಂದಿನ ದಿನವೇ ಧೈರ್ಯ ಹೇಳಿದ್ದಳು.

ಚೂಟಿ ಹಾಗೇ ಮಾಡಿದಳು. ಸರ್ವಿಸಿಗೆ ಹೆಸರಿಟ್ಟಳು, ಪೋಷಕರ ಪಟ್ಟಿಯಿರುವ ಡೇಟಾಬೇಸಿನ ವಿಳಾಸ ಕೊಟ್ಟಳು, ಉಳಿದ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತುತ್ತ ಹೋದಳು. ಹೂವೆತ್ತಿದಷ್ಟು ಸುಲಭವಾಗಿ ಮುಗಿಯಿತು. ಒಮ್ಮೆ ಪರೀಕ್ಷೆ ಮಾಡೋಣವೆಂದು, ಪಟ್ಟಿಯಲ್ಲಿರುವ ಯಾವ ಮಗುವೂ ವ್ಯಾನ್ ಹತ್ತಿಲ್ಲವೆಂದು ಲೆಕ್ಕ ಕೊಟ್ಟು ಓಡಿಸಿದಳು.

ಪರದೆಯ ಮೇಲೆ ನಾಲ್ಕೈದು ಸಾಲು ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. 'ನಿಮ್ಮ ಮಗು ಇಂದು ವ್ಯಾನ್ ಹತ್ತಿಲ್ಲ: ಕಳಿಸಲಾಗಿದೆ.' ಅದರ ಕೆಳಗೆ ಇನ್ನೊಂದು, ಮತ್ತೊಂದು. ಅವಳು ಕೊಟ್ಟಿದ್ದ ವಿಳಾಸ ಪರೀಕ್ಷೆಗೆಂದು ಮಾಡಿಟ್ಟ ಸುಳ್ಳು ಹೆಸರುಗಳದ್ದಲ್ಲ, ನಿಜವಾದ ಪೋಷಕರದ್ದು! ತಡಕಾಡಿ ನಿಲ್ಲಿಸುವಷ್ಟರಲ್ಲಿ ಪಟ್ಟಿ ಪೂರ್ತಿ ಮುಗಿದಿತ್ತು.

ಚೂಟಿ ಎದ್ದು ನೇರ ಮ್ಯಾನೇಜರ್ ಬಳಿ ಹೋಗಿ ನಡೆದದ್ದನ್ನು ಹೇಳಿಬಿಟ್ಟಳು.

"ಯಾವ ಶಾಲೆಯವರಿಗೆ ಹೋಯ್ತು?"

"ಎಲ್ಲರಿಗೂ, ಸರ್. ನಮ್ಮನೆಯವರ ನಂಬರೂ ಇದೆ ಅದರಲ್ಲಿ."

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ಚೂಟಿ ಗಂಡನಿಗೆ ಫೋನ್ ಮಾಡಿದಳು. ಪ್ರಿಂಟಿಂಗ್ ಪ್ರೆಸ್ಸಿನ ಗದ್ದಲದಲ್ಲಿ ಅವನಿಗೆ ಕೇಳಿಸುವುದೇ ಕಷ್ಟ. ಮೂರನೇ ಸಲಕ್ಕೆ ಎತ್ತಿದ.

"ರೀ, ಮೆಸೇಜ್ ನೋಡಿ ಗಾಬರಿ ಆಗ್ಬೇಡಿ. ಪುಟ್ಟಿ ಶಾಲೇಲೇ ಇದಾಳೆ."

"ಯಾವ ಮೆಸೇಜೇ? ಟೊಮೆಟೊ ತನ್ನಿ ಅಂತ ಬೆಳಿಗ್ಗೆ ನೀನು ಕಳಿಸಿದ್ದು ಬಿಟ್ರೆ ಇನ್ನೇನೂ ಬಂದಿಲ್ವಲ್ಲ!"

ಚೂಟಿ ಮ್ಯಾನೇಜರ್ ಮುಖ ನೋಡಿದಳು. ಆಗ ಇಬ್ಬರಿಗೂ ಹೊಳೆಯಿತು. ಅಷ್ಟು ಜನಕ್ಕೆ ಮೆಸೇಜ್ ಹೋಗಿದ್ದರೆ ಇಷ್ಟು ಹೊತ್ತಿಗೆ ಆಫೀಸಿನ ಫೋನುಗಳೆಲ್ಲ ಬಾಯಿಬಡಿದುಕೊಳ್ಳಬೇಕಿತ್ತು. ಒಂದೂ ಸದ್ದು ಮಾಡಿರಲಿಲ್ಲ. ಹಾಗಾದರೆ ಹೋದದ್ದೆಲ್ಲಿಗೆ?

ಅಷ್ಟರಲ್ಲಿ ಚೂಟಿಯ ಫೋನ್ ಹೊಡೆದುಕೊಂಡಿತು. ದೊಡ್ಡಕ್ಕ. ಬಾಯಿಗೆ ಹತ್ತಿ ತುರುಕಿಕೊಂಡಂಥ ದನಿ.

"ಏನೇ ತೂಟೀ, ನಂಗಿರೋದು ಒಬ್ಬ ಮಗ. ಅವನಿಗೆ ಮದುವೆನೂ ಆಗಿದೆ. ಅವನು ವ್ಯಾನ್ ಹತ್ತಿಲ್ಲ ಅಂತ ಇಷ್ಟೊಂದು ಮೆಸೇಜ್ ಯಾಕೆ ಕಳಿಸ್ತಿದೀಯ?"

"ನಿಮಗೆ ಬಂತಾ? ಎಲ್ಲಾನೂ?"

"ಇನ್ನೂ ಬರ್ತಾನೇ ಇದೆ! ಡಾಕ್ಟ್ರು ಇಕ್ಕಳ ಹಿಡ್ಕೊಂಡು ನನ್ನ ಫೋನನ್ನೇ ನೋಡ್ತಾ ನಿಂತಿದಾರೆ. ಯಾರಿಗೆ ಕಳಿಸ್ಲಿ ಅಂತ ಟೆಂಪ್ಲೇಟ್ ಕೇಳ್ತಲ್ಲ, ಏನು ಬರೆದೆ?"

"ಖಾಲಿ ಬಿಟ್ಟೆ."

"ಬಚಾವಾದೆ. ಖಾಲಿ ಬಿಟ್ರೆ ಎಲ್ಲಾ ನನಗೇ ಬರೋ ಹಾಗೆ ಮಾಡಿಟ್ಟಿದೀನಿ. ಯಾರಾದ್ರೂ ಒಬ್ರು ಎಂಟರ್ ಒತ್ಕೊಂಡೇ ಹೋಗ್ತಾರೆ ಅಂತ ಗೊತ್ತಿತ್ತು. ಇಡ್ತೀನಿ, ಡಾಕ್ಟ್ರು ಕರೀತಿದಾರೆ."

ಮ್ಯಾನೇಜರ್ ಕುರ್ಚಿಗೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಚೂಟಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಯಾವ ಅಮ್ಮನೂ ಎದೆ ಹಿಡಿದುಕೊಂಡು ಶಾಲೆಗೆ ಓಡಿರಲಿಲ್ಲ. ಅದೊಂದೇ ಸಾಕೆನಿಸಿತು.

ಮುಖ ತೊಳೆದುಕೊಂಡು ಬಂದು ಎಲ್ಲವನ್ನೂ ಮೊದಲಿನಿಂದ ಮಾಡಿದಳು, ಈ ಸಲ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಬಾರಿ ಓದಿ. ಆಮೇಲೆ ಮ್ಯಾನೇಜರನ್ನು ಕೇಳಿ ಟೆಂಪ್ಲೇಟಿಗೇ ಒಂದು ಹೊಸ ಪ್ರಶ್ನೆ ಸೇರಿಸಿದಳು: 'ಇದು ನಿಜವಾದ ಪೋಷಕರ ಪಟ್ಟಿಯೇ?' ಉತ್ತರ ಬರೆಯದೆ ಎಷ್ಟು ಎಂಟರ್ ಒತ್ತಿದರೂ ಅದು ಮುಂದೆ ಹೋಗುತ್ತಿರಲಿಲ್ಲ.

ಮತ್ತೆ ಓಡಿಸಿದಳು. ಸುಳ್ಳು ಹೆಸರಿನ ನಾಲ್ಕು ಮಕ್ಕಳು ವ್ಯಾನ್ ಹತ್ತಿಲ್ಲವೆಂದು ಅವಳ ಫೋನಿಗೇ ನಾಲ್ಕು ಮೆಸೇಜ್ ಬಂದು ಸುಮ್ಮನಾದವು. ಚೂಟಿ ಬೆನ್ನು ಸಡಿಲಿಸಿ ಹಿಂದಕ್ಕೊರಗಿದಳು. ಆಗಲೇ ಗೊತ್ತಾದದ್ದು, ಹೊಟ್ಟೆ ಚುರುಗುಟ್ಟುತ್ತಿದೆ ಎಂದು. ಊಟದ ಡಬ್ಬಿ ತೆಗೆದು, ತಣ್ಣಗಾಗಿದ್ದ ಊಟವನ್ನು ಒಂದಗುಳೂ ಬಿಡದೆ ಉಂಡಳು.