ನಲವತ್ತು ಎಣಿಸುವವರೆಗೆ

ತೊಟ್ಟಿಯಪ್ಪನನ್ನು ನಾವು ಅಡುಗೆಮನೆಯಲ್ಲಿ ಮಾಡಿದೆವು. ಮನೆಯಲ್ಲಿ ಅವನ ಬೆನ್ನಿನಷ್ಟು ಉದ್ದದ ಮೇಜು ಇದ್ದದ್ದು ಅಲ್ಲಿ ಮಾತ್ರ. ಹಾಗಾಗಿ ನಾಲ್ಕು ತಿಂಗಳು ನಾನು, ನನ್ನ ತಮ್ಮ ಮತ್ತು ಹತ್ತು ವರ್ಷದ ಮಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಊಟ ಮಾಡಿದೆವು.

ನಾನು ಓದಿದ್ದು ರಸಾಯನಶಾಸ್ತ್ರ. ಹೊಟ್ಟೆಪಾಡಿಗೆ ಸಿನಿಮಾಗಳಿಗೆ ಗಾಯ, ಸುಟ್ಟ ಚರ್ಮ, ತುಂಡಾದ ಕೈ ತಯಾರಿಸುತ್ತೇನೆ. ಈ ಸಲ ಬಂದದ್ದು ಮಕ್ಕಳ ಕಾದಂಬರಿಯೊಂದನ್ನು ಆಧರಿಸಿದ ಭಯದ ಚಿತ್ರ. ಮುಚ್ಚಿಹೋದ ಪಂಪುಮನೆಯ ತೊಟ್ಟಿಯಲ್ಲಿ ಏನೋ ಇದೆ, ಅದೇ ತೊಟ್ಟಿಯಪ್ಪ. ಐದು ಮಕ್ಕಳು ಅದನ್ನು ಎದುರಿಸಬೇಕು. ಅದರ ರೂಪದ ಬಗ್ಗೆ ಕಾದಂಬರಿಯಲ್ಲಿ ಇದ್ದದ್ದು ಒಂದೇ ಸಾಲು: ಒದ್ದೆಯಾಗಿತ್ತು, ಬಾಗಿಲಿಗಿಂತ ಎತ್ತರವಾಗಿತ್ತು. ಬರೆದವರಿಗೆ ಅಷ್ಟು ಸಾಕು. ಕಟ್ಟುವವರಿಗೆ ಮೊಣಕಾಲು ಎಲ್ಲಿ ಮಡಚುತ್ತದೆ ಎಂಬುದೂ ಬೇಕು.

ಎತ್ತರಕ್ಕೆ ನನ್ನ ತಮ್ಮನಿದ್ದ. ಆರಡಿ ಮೂರಂಗುಲ, ಎಲ್ಲರೂ ಕಂಬ ಅನ್ನುತ್ತಾರೆ. ರಬ್ಬರಿನ ಹುರುಪೆಗಳನ್ನು ಮೀನಿನ ಮೈಯಂತೆ ಒಂದರ ಮೇಲೊಂದು ಅಂಟಿಸಲು ಚೂಟಿಯ ಸಣ್ಣ ಬೆರಳುಗಳಿದ್ದವು. ಚೂಟಿ ಎಂದರೆ ನನ್ನ ಮಗಳು. ಎಡಭುಜ ಪೂರ್ತಿ ಅವಳದೇ ಕೆಲಸ.

ತಲೆ ದಪ್ಪ ರಬ್ಬರಿನದು. ಒಳಗಿದ್ದವನಿಗೆ ಗಾಳಿ ಬರುವುದು ಕತ್ತಿನ ಹಿಂದಿನ ಪುಟ್ಟ ಬ್ಯಾಟರಿ ಫ್ಯಾನಿನಿಂದ ಮಾತ್ರ. ಕಂಬ ಅದನ್ನು ಹಾಕಿಕೊಂಡು ಹಜಾರದಲ್ಲಿ ನಡೆದು ನೋಡುವಾಗ ಚೂಟಿಯನ್ನು ಕಾವಲಿಗೆ ಕೂರಿಸುತ್ತಿದ್ದೆ.

"ಗುಂಯ್ ಅನ್ನೋ ಸದ್ದು ಕೇಳ್ತಿರಬೇಕು. ನಿಂತರೆ ನನ್ನನ್ನ ಕೂಗ್ತಾ ಕೂರಬೇಡ. ಬಾಯೊಳಗೆ ಕೈ ಹಾಕಿ ನಾಲಗೆ ಕೆಳಗಿರೋ ಪಟ್ಟಿ ಎಳೆದುಬಿಡು. ದವಡೆ ಕಳಚಿಕೊಳ್ಳುತ್ತೆ, ಮಾವನಿಗೆ ಗಾಳಿ ಸಿಗುತ್ತೆ."

"ಮಾವ ಕಚ್ಚಿದ್ರೆ?"

"ನಿನ್ನ ಕೈ ತೊಳೆದು ಎಷ್ಟು ದಿನ ಆಯ್ತೋ, ನಾನ್ಯಾಕೆ ಕಚ್ಚಲಿ," ಎಂದು ಒಳಗಿನಿಂದ ಕಂಬನ ದನಿ ಬಂತು.

ಅದೇ ಚಿತ್ರದ ಐದು ಮಕ್ಕಳಲ್ಲಿ ಒಬ್ಬಳಾಗಿ ಚೂಟಿ ಆಯ್ಕೆಯಾದಳು. ಶಿಫಾರಸು ನನ್ನದಲ್ಲ, ಶಾಲೆಗೆ ಬಂದವರು ಆರಿಸಿಕೊಂಡರು. ಅವಳು ತನ್ನ ಮಾತಲ್ಲದೆ ಉಳಿದ ನಾಲ್ವರ ಮಾತನ್ನೂ ಬಾಯಿಪಾಠ ಮಾಡಿ, ಹಲ್ಲುಜ್ಜುವಾಗಲೂ ಒಪ್ಪಿಸುತ್ತಿದ್ದಳು. ಆಮೇಲೆ ನಿರ್ದೇಶಕರ ನಿಯಮ ತಿಳಿಯಿತು: ಚಿತ್ರೀಕರಣಕ್ಕೆ ಮೊದಲು ಯಾವ ಮಗುವೂ ತೊಟ್ಟಿಯಪ್ಪನನ್ನು ನೋಡಿರಬಾರದು. ಹೆದರಿಕೆ ನಿಜವಾಗಿರಬೇಕು.

"ಮೇಡಂ, ಅದನ್ನ ವರ್ಕ್‌ಶಾಪಲ್ಲೇ ತಾನೇ ಮಾಡ್ತಿರೋದು? ಮಗಳು ನೋಡಿಲ್ಲ ಅಲ್ವಾ?"

"ಇಲ್ಲ ಸರ್," ಎಂದುಬಿಟ್ಟೆ. ನೋಡಿದ್ದಾಳೆ ಎಂದರೆ ಪಾತ್ರ ಹೋಗುತ್ತಿತ್ತು.

ಪಂಪುಮನೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದಿದ್ದರು. ಹೊರಗೆ ಬೆಳಗಿನ ಹನ್ನೊಂದು ಗಂಟೆಯ ಬಿಸಿಲು, ಒಳಗೆ ಕತ್ತಲು. ಮೊದಲ ಟೇಕಿನಲ್ಲಿ ತೊಟ್ಟಿಯಿಂದ ಕಂಬ ಎದ್ದು ನಿಂತ. ನಾಲ್ಕು ಮಕ್ಕಳು ಎದ್ದುಬಿದ್ದು ಓಡಿದರು. ಒಬ್ಬನ ಚಪ್ಪಲಿ ಅಲ್ಲೇ ಉಳಿಯಿತು. ಚೂಟಿಯೂ ಓಡಿದಳು, ಆದರೆ ಬಸ್ಸಿಗೆ ಇನ್ನೂ ಹೊತ್ತಿದೆ ಎನ್ನುವವರ ಹಾಗೆ.

ನಿರ್ದೇಶಕರು ಮಾನಿಟರಿನಲ್ಲಿ ಎರಡು ಸಲ ನೋಡಿದರು. "ಈ ಹುಡುಗಿ ಎಡಭುಜಾನೇ ನೋಡ್ತಿದಾಳಲ್ರೀ. ಗಿರಾಕಿ ಹಾಕ್ಕೊಂಡಿರೋ ಅಂಗಿಯ ಹೊಲಿಗೆಯನ್ನ ಟೈಲರ್ ನೋಡೋ ಹಾಗೆ."

ಅವಳು ನನ್ನ ಬಳಿ ಬಂದು ಪಿಸುಗುಟ್ಟಿದಳು: "ಅಮ್ಮ, ಮೂರನೇ ಸಾಲಲ್ಲಿ ಒಂದು ಹುರುಪೆ ಎದ್ದಿದೆ."

ಇನ್ನೊಂದೇ ಟೇಕ್ ನೋಡುತ್ತೇನೆ, ಆಗದಿದ್ದರೆ ಬದಲಿಗೆಂದು ಕರೆಸಿಟ್ಟ ಹುಡುಗಿಯನ್ನು ಹಾಕುತ್ತೇನೆ ಎಂದರು ನಿರ್ದೇಶಕರು. ಆ ಹುಡುಗಿ ಆಗಲೇ ಅದೇ ಬಣ್ಣದ ಫ್ರಾಕು ತೊಟ್ಟು ತಾಯಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಚೂಟಿ ಅವಳನ್ನು ನೋಡಿದಳು. ಐದೂ ಮಕ್ಕಳನ್ನು ನಿಯಮದ ಪ್ರಕಾರ ಪರದೆಯ ಆಚೆ ಕಳಿಸಿದರು.

ಅದೇ ಹೊತ್ತಿಗೆ ಸೌಂಡ್ ಇಂಜಿನಿಯರ್ ಬಂದರು. "ಮೇಡಂ, ನಿಮ್ಮ ದೆವ್ವದ ಹೊಟ್ಟೆಯಲ್ಲಿ ಮಿಕ್ಸಿ ಓಡ್ತಿದೆ. ಮಕ್ಕಳ ಉಸಿರು ಕೇಳ್ತಿಲ್ಲ."

ಫ್ಯಾನಿನ ತಂತಿಯನ್ನು ಕತ್ತರಿಸಿ, ಉದ್ದ ಮಾಡಿ, ನಡುವೆ ಸ್ವಿಚ್ ಕೂರಿಸಿದೆ. ತಲೆಯೊಳಗೆ ಎಷ್ಟು ಗಾಳಿ ಹಿಡಿಯುತ್ತದೆ, ಕಂಬ ನಿಮಿಷಕ್ಕೆ ಎಷ್ಟು ಉಸಿರಾಡುತ್ತಾನೆ ಎಂದು ಲೆಕ್ಕ ಹಾಕಿದೆ. ಫ್ಯಾನ್ ನಲವತ್ತು ಸೆಕೆಂಡು ನಿಂತರೆ ತಲೆಭಾರವೂ ಆಗದು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಎರಡು ಸಲ ಪರೀಕ್ಷೆಯನ್ನೂ ಮಾಡಿದೆ. "ಅಕ್ಕ, ಒಳಗೆ ನಿದ್ದೆ ಬರೋ ಹಾಗಿದೆ," ಎಂದ. ಎಲ್ಲವನ್ನೂ ಅಳೆದೆ. ಪರದೆಯ ಆಚೆ ಇರುವ ಕಾವಲುಗಾರ್ತಿಗೆ ಹೇಳುವುದನ್ನು ಮರೆತೆ.

ಎರಡನೇ ಟೇಕ್. ಕಂಬ ಎದ್ದ, ನಾನು ಸ್ವಿಚ್ ಅದುಮಿದೆ. ಗುಂಯ್ ನಿಂತಿತು.

ನಾಲ್ವರು ಓಡಿದರು. ಚೂಟಿ ಕದಲಲಿಲ್ಲ. ಅವಳ ಮುಖದಿಂದ ರಕ್ತ ಇಳಿದುಹೋದದ್ದು ಇಪ್ಪತ್ತಡಿ ದೂರದಿಂದಲೂ ಕಾಣಿಸಿತು. ಮರುಕ್ಷಣ ತೊಟ್ಟಿಯ ಕಟ್ಟೆ ಹತ್ತಿ, ಮೊಣಕೈವರೆಗೆ ತೋಳನ್ನು ತೊಟ್ಟಿಯಪ್ಪನ ಬಾಯೊಳಗೆ ತೂರಿಸಿ ಪಟ್ಟಿ ಎಳೆದಳು. ದವಡೆ ಕಳಚಿ ನೀರಿಗೆ ಬಿತ್ತು.

"ಮಾವಾ! ಉಸಿರಾಡೋ!" ಎಂದು ಅವನ ಕೆನ್ನೆಗೆ ಬಾರಿಸಿದಳು.

"ಆಡ್ತಿದೀನಿ ಕಣೇ, ಹೊಡೀಬೇಡ!"

ಆಗ ಅವಳು ಅತ್ತಳು. ಕಂಬ ಹುರುಪೆಯ ತೋಳುಗಳಿಂದಲೇ ಅವಳನ್ನು ಎತ್ತಿಕೊಂಡ. ದೂರ ನಿಂತಿದ್ದ ನಾಲ್ಕು ಮಕ್ಕಳು, ದೆವ್ವದ ಬಾಯಲ್ಲಿ ಮನುಷ್ಯನ ಮೂಗು ಕಂಡು, ಒಬ್ಬೊಬ್ಬರಾಗಿ ಹತ್ತಿರ ಬಂದರು. ನಿರ್ದೇಶಕರ ನಿಯಮ ಅಲ್ಲಿಗೆ ಮುಗಿಯಿತು.

ಅವರು ಕೋಪಗೊಳ್ಳಲಿಲ್ಲ. ಚೂಟಿಯ ಆ ಮುಖವನ್ನು ಮಾನಿಟರಿನಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಇದೇ ಬೇಕಾಗಿದ್ದು. ಹತ್ತಿರದಿಂದ ಇನ್ನೊಂದು ಸಲ ತೆಗೀಬೇಕು. ಫ್ಯಾನ್ ಸರಿಯಾಯ್ತು ಅಂತ ಅವಳಿಗೆ ಹೇಳಿ, ನಡುವೆ ಆಫ್ ಮಾಡಿ. ಪಾತ್ರ ಅವಳದೇ. ಮಾತು ಕೊಡ್ತೀನಿ."

ಸ್ವಿಚ್ ನನ್ನ ಕೈಯಲ್ಲೇ ಇತ್ತು. ಒಂದು ಕ್ಷಣವೂ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸೆಕೆಂಡಿನ ಕೆಲಸ, ಆಮೇಲೆ ಅವಳಿಗೆ ಬೇಕಾದದ್ದೆಲ್ಲ ಅವಳಿಗೆ. ಆದರೆ ಮುಂದೆ ಯಾವತ್ತಾದರೂ ಆ ಸದ್ದು ನಿಜವಾಗಿಯೇ ನಿಂತರೆ, ಅಮ್ಮ ನಿಲ್ಲಿಸಿರಬಹುದು ಎಂದುಕೊಂಡು ಅವಳು ಸುಮ್ಮನೆ ನಿಲ್ಲುತ್ತಾಳೆ.

"ಆಗಲ್ಲ ಸರ್. ಇನ್ನೊಂದು ವಿಷಯ. ಅದನ್ನ ನಮ್ಮ ಅಡುಗೆಮನೆಯಲ್ಲಿ ಮಾಡಿದ್ದು. ಆ ಎಡಭುಜ ಅವಳೇ ಅಂಟಿಸಿದ್ದು. ನಿಮಗೆ ಸುಳ್ಳು ಹೇಳಿದ್ದೆ."

ಅವರು ಕುರ್ಚಿಯಲ್ಲಿದ್ದ ಹುಡುಗಿಯ ಕಡೆ ನೋಡಿದರು. ನಾನು ಚೂಟಿಯ ಬಳಿ ಹೋಗಿ, ಸ್ವಿಚ್ ತೋರಿಸಿ, ನಲವತ್ತು ಸೆಕೆಂಡಿನ ಲೆಕ್ಕವನ್ನು ಹೇಳಿ, ಮೊದಲೇ ಹೇಳದೆ ಇದ್ದದ್ದು ತಪ್ಪಾಯ್ತು ಅಂದೆ. ಅವಳು ಮೂಗು ಒರೆಸಿಕೊಂಡು ಸ್ವಿಚ್ಚನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಇದು ನನ್ನ ಹತ್ರಾನೇ ಇರಬೇಕು. ಇಲ್ಲಾಂದ್ರೆ ಮಾವ ಅದನ್ನ ಹಾಕ್ಕೊಳೋ ಹಾಗಿಲ್ಲ. ಬೇಕಾದ್ರೆ ಆ ಹುಡುಗೀನೇ ಮಾಡ್ಲಿ ಪಾತ್ರ."

"ಅಪ್ಪಣೆ ಆಯ್ತಲ್ಲ," ಎಂದ ಕಂಬ.

ನಿರ್ದೇಶಕರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ತಂತಿ ಫ್ರೇಮಲ್ಲಿ ಕಾಣಬಾರದು," ಎಂದರು ಕೊನೆಗೆ. "ಒಂದು ಸಲ ನೋಡೋಣ."

ತಂತಿಯನ್ನು ನೆಲದ ಪೈಪಿನ ಮರೆಯಲ್ಲಿ ಎಳೆದು ಅವಳ ಫ್ರಾಕಿನ ಜೇಬಿಗೆ ಮುಟ್ಟಿಸಿದೆ. ಕಂಬ ಎದ್ದ. ಸದ್ದು ನಿಂತಿತು, ನಿಲ್ಲಿಸಿದವಳು ಅವಳೇ. ಈ ಸಲ ಅವಳು ಭುಜ ನೋಡಲಿಲ್ಲ. ತೊಟ್ಟಿಯಪ್ಪನ ಬಾಯಿಯಿಂದ ಕಣ್ಣು ಕೀಳಲಿಲ್ಲ, ರೆಪ್ಪೆ ಬಡಿಯಲಿಲ್ಲ. ತುಟಿಗಳು ಮಾತ್ರ ಸಣ್ಣಗೆ ಅದುರುತ್ತಿದ್ದವು. ನಿರ್ದೇಶಕರು ಕಟ್ ಹೇಳುವ ಮೊದಲೇ ಸದ್ದು ಮರಳಿ ಬಂತು. ಅವರು ಮಾನಿಟರಿನಿಂದ ತಲೆಯೆತ್ತಿ, ಬದಲಿ ಹುಡುಗಿಯ ತಾಯಿಗೆ ನೀವು ಹೊರಡಬಹುದು ಎಂದರು.

ಉಳಿದ ಹನ್ನೊಂದು ದಿನ ಸ್ವಿಚ್ ಅವಳ ಜೇಬಿನಲ್ಲೇ ಇತ್ತು.

ಚಿತ್ರ ತೆರೆಗೆ ಬಂದಾಗ ಮೂವರೂ ಹೋಗಿದ್ದೆವು. ಆ ದೃಶ್ಯ ಬಂದಾಗ ಚಿತ್ರಮಂದಿರ ಗಪ್‌ಚಿಪ್. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಗಂಡನಿಗೆ, "ಪಾಪ, ಆ ಮಗು ಹೆದರಿ ದೇವರ ಹೆಸರು ಹೇಳ್ತಿದೆ ನೋಡಿ," ಎಂದಳು.

ಕಂಬ ನನ್ನ ಕಡೆ ಬಾಗಿ ತೆರೆಯ ಮೇಲಿನ ತುಟಿಗಳನ್ನು ಓದಿದ. "ಮೂವತ್ತೇಳು," ಎಂದ.

"ಮೂವತ್ತೆಂಟು," ಎಂದು ಚೂಟಿ ತಿದ್ದಿದಳು.