ನೆತ್ತಿ ದಾಟದ ಕಮರ

ನಮ್ಮೂರಲ್ಲಿ ಕಮರದ ಗಿಡವನ್ನು ಯಾರೂ ಕೈಯಾರೆ ನೆಡುವುದಿಲ್ಲ. ಕಾಡಿನಲ್ಲಿ ತಾನಾಗಿ ಹುಟ್ಟಿದರೆ ಹುಟ್ಟಲಿ. ಸೊಪ್ಪು ಮೇಕೆಗೆ, ನಾರು ಹಗ್ಗಕ್ಕೆ ಆಗುತ್ತದೆ. ಬಲಿತ ಮರಕ್ಕೆ ಕೊಡಲಿ ಹಾಕಿದರೆ ಕೊಡಲಿಯ ಬಾಯಿಯೇ ಮುರಿಯುತ್ತದೆ. ಆದರೆ ನೆಟ್ಟ ಕಮರ ನೆಟ್ಟವನ ನೆತ್ತಿ ದಾಟಿತೆಂದರೆ ಅವನ ಆಯಸ್ಸು ಮುಗಿಯಿತು ಅನ್ನುವುದು ಹಿರಿಯರ ಮಾತು. ನಮ್ಮಣ್ಣ ಸಣ್ಣರಂಗಯ್ಯ ಅದನ್ನೇ ತಂದು ಹೊಲದ ಬಾವಿಯ ದಡದಲ್ಲಿ ನೆಟ್ಟ. ಬೇಡ ಅಂದಿದ್ದನ್ನೇ ಮಾಡುವುದು ಅವನ ಹುಟ್ಟುಗುಣ.

ಆಗ ಅವನಿಗೆ ಮದುವೆಯಾದ ಹೊಸತು. ಕಳ್ಳಂಬೆಳ್ಳದ ಕೆರೆ ಒಣಗಿತ್ತು, ಬಾವಿಯೂ ಬತ್ತಿತ್ತು. ದಡಕ್ಕೊಂದು ನೆರಳು ಬೇಕು, ಎಂಥ ಬಿಸಿಲಿಗೂ ಸಾಯದ್ದು ಇದೊಂದೇ ಎಂದ.

ಆ ಬೇಸಗೆಯಲ್ಲಿ ಗಿಡ ಕಡ್ಡಿಯಾಗಿ ಒಣಗಿತು. ಪೀಡೆ ತಾನಾಗಿ ತೊಲಗಿತೆಂದು ಅತ್ತಿಗೆ ಚಿಕ್ಕಲಕ್ಷ್ಮಮ್ಮ ಮನೆದೇವರಿಗೆ ಕಾಯಿ ಒಡೆಸಿದಳು. ಮಳೆ ಬಿದ್ದು ವಾರವಾಗಲಿಲ್ಲ, ಬುಡದಿಂದ ಕೆಂಪು ಚಿಗುರು ಬಂತು. ಮೇಕೆಯ ಗೊರಸಿನ ಹಾಗೆ ಎರಡಾಗಿ ಸೀಳಿದ ಎಲೆ. ಮರುವರ್ಷವೂ ಅದೇ ಕಥೆ, ಅದರ ಮರುವರ್ಷವೂ. ಕಮರದ ಬುದ್ಧಿಯೇ ಅಂಥದ್ದು. ವರ್ಷಗಟ್ಟಲೆ ಮೇಲೆ ಸತ್ತಂತೆ ನಟಿಸುತ್ತ ಕೆಳಗೆ ಬೇರು ಇಳಿಸುತ್ತಿರುತ್ತದೆ. ಬಂಡೆ ಅಡ್ಡ ಬಂದರೆ ಬಂಡೆಯ ಬಿರುಕು ಹುಡುಕುತ್ತದೆ. ತಳದ ತಂಪು ಸಿಕ್ಕಿತೋ, ಆಗ ಏಳುತ್ತದೆ.

ಒಂದು ಮಳೆಗಾಲ ಅದು ಎದ್ದೇಬಿಟ್ಟಿತು. ಎದೆಮಟ್ಟಕ್ಕೆ ಬಂದ ದಿನ ಅತ್ತಿಗೆ ಕುಡುಗೋಲು ಹಿಡಿದು ಹೋಗಿ ತಲೆ ಕೊಯ್ದಳು. ನಾನು ಅದೇ ಊರಿಗೆ ಕೊಟ್ಟ ಹೆಣ್ಣು, ನಮ್ಮ ಹೊಲವೂ ಪಕ್ಕದ್ದೇ. ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ.

"ಹಿಂಗೆ ತಲೆ ಕುಯ್ಕೊಂಡು ಕೂರೋ ಬದ್ಲು ಬೇರ್ ಸಮೇತ ಕಿತ್ತಾಕ್ಬುಡು ಅತ್ಗೆ, ಪೀಡೆ ಹೋಗ್ಲಿ," ಎಂದೆ.

"ಕಿತ್ರೆ ನೆಟ್ಟೋರು ಅವತ್ತೇ ಹೋಯ್ತಾರಂತೆ ಕಣಮ್ಮ," ಎಂದಳು. "ಸಾಯ್ಸಂಗೂ ಇಲ್ಲ, ಬೆಳಸಂಗೂ ಇಲ್ಲ."

ಅಲ್ಲಿಂದ ಮುಂದೆ ಅದೇ ಅವಳ ವ್ರತವಾಯಿತು. ಮಳೆಗಾಲದುದ್ದಕ್ಕೂ ಚಿಗುರು ಚಿವುಟುವುದು, ಯುಗಾದಿಯ ದಿನ ಎಣ್ಣೆ ನೀರು ಆದಮೇಲೆ ಗಂಡನನ್ನು ಗಿಡದ ಪಕ್ಕ ನಿಲ್ಲಿಸಿ ಎತ್ತರ ನೋಡುವುದು. ಅಣ್ಣ ಹೊಸ ಪಂಚೆಯುಟ್ಟು ನೆಟ್ಟಗೆ ನಿಂತು ನಗುತ್ತಿದ್ದ.

"ನೋಡ್ಲೇ, ನನ್ ಯಮ ಇನ್ನೂ ಸೊಂಟುಕ್ಕೇ ಬಂದಿಲ್ಲ."

ಮಗಳು ರಕ್ಷಾ ಹುಟ್ಟಿದಳು, ಶಿರಾದಲ್ಲಿ ಕಾಲೇಜು ಮುಗಿಸಿದಳು, ಮದುವೆಯಾಗಿ ಮಧುಗಿರಿಗೆ ಹೋದಳು. ಗಿಡ ಮಾತ್ರ ಸೊಂಟದಲ್ಲೇ ಇತ್ತು. ಇವರಿಬ್ಬರ ಆಟ ಕಂಡರೆ ನನಗೆ ಮೈ ಉರಿಯುತ್ತಿತ್ತು. ಆದರೆ ಗಿಡದ ಬುಡ ಕಂಡರೆ ಯಾಕೋ ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದೆ. ಮೇಲೆ ಬೆರಳು ಗಾತ್ರದ ರೆಂಬೆಗಳು, ಬುಡ ಮಾತ್ರ ಒರಳುಕಲ್ಲಿನಷ್ಟು ದಪ್ಪ. ಬಾವಿಯ ಅಂಚಿನ ಚಪ್ಪಡಿ ಒಂದು ಕಡೆ ಎದ್ದಿತ್ತು. ಕಾಲಿಟ್ಟರೆ ಅಲುಗುತ್ತಿತ್ತು.

"ಈ ಕಲ್ಲು ಹೋದ್ವರ್ಸ ಹಿಂಗಿರ್ಲಿಲ್ವಲ್ಲಣ್ಣ?"

"ನಮ್ಮ ತಾತನ ಕಾಲದ ಕಟ್ಟಡ ಕಣಮ್ಮ. ಮಳೆಗೆ ಜರುಗೈತೆ," ಎಂದು ಅಣ್ಣ ಬೀಡಿ ಹಚ್ಚಿದ.

ಹೋದ ವರ್ಷ ನಾಲೆಯ ನೀರು ಬಂದು ಕೆರೆ ತುಂಬಿತು. ಎಷ್ಟೋ ಕಾಲದ ಮೇಲೆ ನಮ್ಮಣ್ಣನ ಬಾವಿಯ ತಳ ಒದ್ದೆಯಾಯಿತು. ಅವನಿಗೆ ಹಿಡಿಸಲಾರದ ಸಂತೋಷ. ಹೂಳು ತೆಗೆಸಿ ಮೋಟರ್ ಕೂರಿಸಿಯೇ ಸೈ ಎಂದು ಕುಣಿದ.

ಯುಗಾದಿ ಬಂತು. ಅತ್ತಿಗೆ ಎಂದಿನಂತೆ ಅವನನ್ನು ನಿಲ್ಲಿಸಿ ನೋಡಿದಳು. ಗಿಡ ಸೊಂಟಕ್ಕೆ ಗೇಣು ಕಡಿಮೆಯೇ ಇತ್ತು. ಇನ್ನೊಂದು ವರ್ಷಕ್ಕೆ ಚಿಂತೆಯಿಲ್ಲ ಎಂದು ಅಂದು ಎರಡು ಒಬ್ಬಟ್ಟು ಹೆಚ್ಚೇ ತಿಂದಳು.

ಮಾರನೆಯ ದಿನ ಹೊಸತೊಡಕು. ಮಾಂಸದ ಸಾರು, ಮುದ್ದೆ ಹೊತ್ತುಕೊಂಡು ಅತ್ತಿಗೆಯೂ ನಾನೂ ಹೊಲಕ್ಕೆ ಹೋದೆವು. ಅಣ್ಣನ ಚಪ್ಪಲಿ ದಡದಲ್ಲಿತ್ತು, ಅಣ್ಣ ಇರಲಿಲ್ಲ. ಹೂಳು ಎಷ್ಟಿದೆ ನೋಡಲು ಒಬ್ಬನೇ ಬಾವಿಗಿಳಿದಿದ್ದ.

ಅತ್ತಿಗೆ ಗಿಡದ ಪಕ್ಕ ನಿಂತು ಬಗ್ಗಿ ನೋಡಿದಳು. ಅವನ ನರೆತ ತಲೆ ತಳದಲ್ಲಿ ಕಾಣಿಸಿತು. ಅವಳ ಮೊಣಕೈಗೆ ಕಮರದ ಚಿಗುರು ತಾಗುತ್ತಿತ್ತು. ಅವಳು ಚಿಗುರು ನೋಡಿದಳು, ತಲೆ ನೋಡಿದಳು. ಅವಳ ಕಂಕುಳಲ್ಲಿದ್ದ ಬುಟ್ಟಿ ಜಾರಿ ಬಿತ್ತು. ನನಗೂ ಆಗಲೇ ಹೊಳೆದದ್ದು, ಗಿಡ ಅವನ ನೆತ್ತಿ ದಾಟಿತ್ತು.

"ಮೇಲಕ್ಕೆ ಬಾ," ಎಂದಳು. ಮತ್ತೆ ಕೂಗಿದಳು, "ಮೇಲಕ್ಕೆ ಬಾ, ಬೇಗ ಬಾ, ನಿನ್ ದಮ್ಮಯ್ಯ."

"ಬಂದೆ ತಡ್ಕಳೇ. ಇಲ್ನೋಡು, ನೀನು ಮೇಲ್ ಮೇಲೆ ಕುಯ್ದೆ, ಇದು ಕೆಳಗೆ ಕಟ್ಟಡನೇ ಸೀಳ್ಕೊಂಡು ಬಂದೈತೆ. ನನ್ ತೊಡೆ ಗಾತ್ರ ಐತೆ ಬೇರು."

"ಬೇರು ಮನೆ ಹಾಳಾಗ್ಲಿ, ಹತ್ತು," ಎಂದು ಅವಳು ಅಳತೊಡಗಿದಳು.

ಅವಳ ಅಳು ಕೇಳಿ ಅಣ್ಣನಿಗೂ ಗಾಬರಿಯಾಗಿರಬೇಕು. ಇಳಿಯುವಾಗ ಎದುರು ಗೋಡೆಯ ಮೆಟ್ಟುಗಲ್ಲು ಹಿಡಿದು ನಿಧಾನವಾಗಿ ಇಳಿದವನು, ಸುತ್ತಿ ಬರಲು ತಡವಾಗುತ್ತದೆಂದು ಆ ಬೇರನ್ನೇ ತಬ್ಬಿ ಹತ್ತಿದ. ಬೇರು ಜಗ್ಗಲಿಲ್ಲ. ಅದು ಸಡಿಲಿಸಿದ್ದ ಕಲ್ಲುಗಳು ಜಗ್ಗಿದವು. ಒಂದು ಬಿತ್ತು. ಆಮೇಲೆ ಇಡೀ ಗೋಡೆ ಬಿತ್ತು. ನಾನು ಅತ್ತಿಗೆಯ ಸೆರಗು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಅವಳೂ ಹೋಗುತ್ತಿದ್ದಳು. ದೂಳು ಇಳಿದಾಗ ಬೇರು ಗಾಳಿಯಲ್ಲಿ ಹಾಗೇ ಚಾಚಿಕೊಂಡಿತ್ತು, ಗಿಡ ಇದ್ದಲ್ಲೇ ಇತ್ತು.

ಅಣ್ಣನನ್ನು ಹೊಲದಲ್ಲೇ ಮಣ್ಣು ಮಾಡಿದೆವು. ಅತ್ತಿಗೆ ಆ ಗಿಡದ ಕಡೆ ಈಗ ತಿರುಗಿಯೂ ನೋಡುವುದಿಲ್ಲ. ಕಾಡಿಗೆ ಹೋಗಿ ಇನ್ನೊಂದು ಕಮರದ ಸಸಿ ತಂದು ಅವನ ತಲೆದೆಸೆಯಲ್ಲಿ ತನ್ನ ಕೈಯಾರೆ ನೆಟ್ಟಿದ್ದಾಳೆ. ದಿನಾ ಕೊಡ ಹೊತ್ತು ನೀರು ಹೊಯ್ಯುತ್ತಾಳೆ.

"ಯಾಕತ್ಗೆ ಇದೆಲ್ಲ," ಎಂದರೆ, "ಬೇಗ ಬೆಳೀಲಿ ಕಣಮ್ಮ, ನಾನೇನು ಬಾಳ ಎತ್ತರ ಇಲ್ಲ," ಅನ್ನುತ್ತಾಳೆ.

ಮೂಢನಂಬಿಕೆ ಎಂದು ಅವಳನ್ನು ಜೀವಮಾನವೆಲ್ಲ ಬೈದವಳು ನಾನು. ಈಗಲೂ ಬೈಯುತ್ತೇನೆ. ಅವಳು ನೀರು ಹೊಯ್ದು ಮನೆಗೆ ಹೋದಮೇಲೆ ನಾನು ಹೋಗಿ ಚಿಗುರು ಚಿವುಟಿ ಬರುತ್ತೇನೆ.